ಆನೈಮಲೈಯಲ್ಲಿ ಮನೆ ಸಿಗಲಿಲ್ಲ ಎಂದೆ

ನಂಜಕ್ಕ, ನೀವು ಸಿಗಲಿಲ್ಲ ಎಂದು ನಾನು ಬೀದಿಗೆಲ್ಲ ಹೇಳಿದ್ದು ಸುಳ್ಳು. ನೀವು ಸಿಕ್ಕಿದ್ದಿರಿ. ಆನೈಮಲೈಯ ಆ ತೆಂಗಿನ ತೋಪಿನಲ್ಲಿ, ನಿಮ್ಮ ಮಗಳ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀವು ನಿಂತಿದ್ದಿರಿ. ನನ್ನಿಂದ ಮೂವತ್ತು ಹೆಜ್ಜೆ ದೂರ, ಅಷ್ಟೇ. ನೋಡಿದೆ — ನೋಡಿ, ಕರೆಯದೆ ಹಿಂದಕ್ಕೆ ಬಂದೆ. ಮಾರನೆಯ ದಿನ ನಿಮ್ಮ ಮನೆಯ ಬೀಗದಕೈಗಳನ್ನು ನಿಮ್ಮ ಮೈದುನನ ಕೈಗೆ ಕೊಟ್ಟೆ.

ಇಷ್ಟೇ ವಿಷಯ. ಇಷ್ಟನ್ನು ಬರೆಯಲು ಎಂಟು ವರ್ಷ ತೆಗೆದುಕೊಂಡಿದ್ದೇನೆ, ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತೇನೆ, ಅರ್ಧಕ್ಕೇ ಎಸೆದು ಮತ್ತೆ ಒಳಗೆ ಬರುತ್ತೇನೆ. ಯಾರಿಗೆ ಕಾಗದ ಎಂದು ಸರೋಜ ಕೇಳಿದಳು. ಕೊಳ್ಳೇಗಾಲದ ಸೋದರಮಾವನಿಗೆ ಎಂದೆ. ನೋಡಿ, ತಪ್ಪೊಪ್ಪಿಕೊಳ್ಳಲು ಕೂತವನು ಮೊದಲ ಪುಟದಲ್ಲೇ ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿದ್ದಾನೆ! ಬಾಯಿಗೆ ರೂಢಿಯಾಗಿಬಿಟ್ಟಿದೆ ಅಕ್ಕ. ಅದಕ್ಕೇ ಬರೆಯುತ್ತಿರುವುದು. ನಿಮ್ಮೆದುರು ನಿಂತರೆ ನನ್ನ ಬಾಯಿ ಮೊದಲು ನನ್ನನ್ನು ಕಾಪಾಡುವ ಮಾತನ್ನೇ ಆಡುತ್ತದೆ. ಕೈಗೆ ಅಷ್ಟು ಚುರುಕಿಲ್ಲ.

ಆ ಮಾವನ ಮನೆಯಲ್ಲಿ ಮೂರು ವರ್ಷ ಇದ್ದು ಶಾಲೆಗೆ ಹೋದದ್ದರಿಂದ ನನಗೆ ಕನ್ನಡ ಅಕ್ಷರ ಬಂತು. ನಮ್ಮ ಬೀದಿಯ ಉಳಿದವರಿಗೆ ಕನ್ನಡ ಬಾಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ನಿಮಗೆ ಯಾವ ಅಕ್ಷರವೂ ಬರುವುದಿಲ್ಲ, ನಿಮ್ಮ ಮಗಳು ಜಯಳಿಗೆ ಬರುವುದು ತಮಿಳು. ಹಾಗಾಗಿ ಇದನ್ನು ಅಂಚೆಗೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ತಮಿಳಿನಲ್ಲೇ ಬರೆಸಬಹುದಿತ್ತು, ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬೇಕೆಂದೇ ಬರೆಸಲಿಲ್ಲ. ಇದನ್ನು ಓದಿ ಹೇಳುವವನು ನಾನೇ ಆಗಬೇಕು.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಅದು ನನಗೂ ಗೊತ್ತಿತ್ತು ಎಂಬುದೇ ಇಲ್ಲಿ ಮುಖ್ಯ.

ತಮಿಳು ಸೀಮೆಯ ತುಡಿಯಲೂರಿನಲ್ಲಿ, ನೇಕಾರರ ಬೀದಿಯ ಕೊನೆಯ ಮನೆ ನಿಮ್ಮದು. ನಾವು ಮಗ್ಗದವರು, ನೀವು ಹೊಲದವರು. ನಿಮ್ಮ ಕನ್ನಡದ ರಾಗವೇ ಬೇರೆ, ನಮ್ಮದೇ ಬೇರೆ. ಆದರೂ ಮನೆಯೊಳಗೆ ನಮ್ಮ ಮಾತು ಕೇಳಿಸಿದರೆ ಸಾಕು ಎಂದು ಮುಂದಿನ ಪಡಸಾಲೆ, ಅಡುಗೆಮನೆ ನಮಗೆ ಬಾಡಿಗೆಗೆ ಕೊಟ್ಟು, ಹಿತ್ತಲ ಕೋಣೆಯೊಂದನ್ನು ನೀವು ಇಟ್ಟುಕೊಂಡಿರಿ. ಗಂಡ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಜಯ ಆಗ ದಾವಣಿ ಹೊದೆಯುವ ಹುಡುಗಿ.

ನಮ್ಮದು ಕುಳಿಮಗ್ಗ. ನೆಲದಲ್ಲಿ ಕುಳಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯಬೇಕು. ಇನ್ನೊಬ್ಬರ ಮನೆಯ ನೆಲ ಅಗೆಯುವುದೆಂದರೆ ಸಣ್ಣ ಮಾತೇ? ಅದಕ್ಕೇ ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ. ಕುಳಿ ತೋಡುವ ದಿನ ಮನೆಯ ಒಡೆಯರು ಮೊದಲ ಹಾರೆ ಹಾಕಬೇಕು. ನೇಕಾರ ಮನೆ ಬಿಡುವ ದಿನ ಒಡೆಯರೇ ಮೊದಲ ಹಿಡಿ ಮಣ್ಣು ಹಾಕಬೇಕು, ಉಳಿದದ್ದನ್ನು ನೇಕಾರ ಮುಚ್ಚುತ್ತಾನೆ. ಕುಳಿ ಮುಚ್ಚಿತೆಂದರೆ ಬಾಡಿಗೆ ತೀರಿತು. ಕರಾರು ಪತ್ರ ಏನೂ ಇಲ್ಲ. ನೋಡಿದ ನಾಲ್ಕು ಜನರೇ ಪತ್ರ.

ಆವತ್ತು ನೀವು ಸೆರಗು ಬಿಗಿದು ಹಾರೆ ಎತ್ತಿ ಹಾಕಿದಿರಿ. ಅದು ಕಲ್ಲಿಗೆ ತಾಗಿ ಠಣ್ ಎಂದಿತು. "ನೋಡು ಲಿಂಗಾ, ನನ್ ಮನೆ ನೆಲಾನೂ ನನ್ ಹಂಗೇ, ಬಗ್ಗಲ್ಲ" ಎಂದು ನಕ್ಕಿರಿ. ಬೀದಿಯೆಲ್ಲ ನಿಂತು ನೋಡಿತು. ಆ ಹಾರೆಯ ಏಟು ನಿಮಗೆ ಎಷ್ಟು ಮುಖ್ಯವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ನಿಮ್ಮ ಗಂಡ, ಮೈದುನ ಮಾರಪ್ಪ — ಇಬ್ಬರ ನಡುವೆ ಪಾಲಾದದ್ದು ಬಾಯಿಮಾತಿನಲ್ಲಿ. ಕಾಗದದಲ್ಲಿ ಇನ್ನೂ ನಿಮ್ಮ ಮಾವನವರ ಹೆಸರೇ ಇತ್ತು. ಈ ಮನೆ ನಂಜಕ್ಕನದು ಎನ್ನಲು ಊರಿಗಿದ್ದ ಗುರುತು ಒಂದೇ: ಬಾಡಿಗೆಗೆ ಕೊಟ್ಟವರು ನೀವು, ಹಾರೆ ಹಾಕಿದವರು ನೀವು, ನಿಮ್ಮ ಮಾತಿನ ಮೇಲೆ ಒಳಗೆ ಕೂತು ನೇಯುತ್ತಿದ್ದವನು ನಾನು.

ಸುತ್ತ ಹೊಲಗಳೆಲ್ಲ ಸೈಟುಗಳಾಗಲು ಶುರುವಾದ ಮೇಲೆ ಮಾರಪ್ಪನ ನಡಿಗೆ ನಮ್ಮ ಬೀದಿಯ ಕಡೆ ಜಾಸ್ತಿಯಾಯಿತು. ಬಂದವನು ಬಾಗಿಲಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆಯುತ್ತಿದ್ದ. ನೀವು ಒಳಗಿನಿಂದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಿರಿ.

ಆನೈಮಲೈಗೆ ಮದುವೆಯಾಗಿ ಹೋಗಿದ್ದ ಜಯಳಿಗೆ ದಿನ ತುಂಬುವ ಮೊದಲೇ ನೋವು ಬಂದು, ಅಳಿಯ ಓಡಿ ಬಂದು ನಿಮ್ಮನ್ನು ಕರೆದುಕೊಂಡು ಹೊರಟದ್ದು ಒಂದು ಬೆಳಿಗ್ಗೆ. ಆನೈಮಲೈಯ ದಾರಿಯನ್ನು ನನಗೆ ಎರಡು ಸಲ ಹೇಳಿದಿರಿ. ದಾರದಲ್ಲಿ ಕಟ್ಟಿದ್ದ ಎರಡು ಬೀಗದಕೈಗಳನ್ನು, ಮುಂದಿನ ಬಾಗಿಲಿನದು, ನಿಮ್ಮ ಹಿತ್ತಲ ಕೋಣೆಯದು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಿರಿ.

"ಆಡಿ ಹುಟ್ಟೋ ಮುಂಚೆ ಬಂದ್ಬಿಡ್ತೀನಿ ಲಿಂಗಾ. ನಾ ಬರೋಗಂಟ ಮನೆ ಬಿಡಬ್ಯಾಡ. ಬಿಡ್ಲೇಬೇಕು ಅಂತಾದ್ರೆ ನನ್ ಕೈಗೇ ಬಿಡು. ಈ ಸಾವಿ ಬ್ಯಾರೆ ಯಾರ್ ಕೈಗೂ ಕುಡಬ್ಯಾಡ."

"ಸರಿ ಅಕ್ಕ. ಕವಲೆ ಬ್ಯಾಡ, ನಾನಿದ್ದೀನಿ, ಹೋಗ್ಬನ್ನಿ" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿಯೂ ಬಿಟ್ಟೆ, ಒಡೆದೂ ಬಿಟ್ಟೆ.

ನೀವು ಹೋದ ಎರಡನೆಯ ವಾರ ತಿರುಪ್ಪೂರಿನಿಂದ ಸರೋಜಳ ಅಣ್ಣ ಬಂದ. ಅವನಿದ್ದ ಬನಿಯನ್ ಕಂಪನಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಪಕ್ಕದಲ್ಲೇ ಸಾಲುಮನೆಗಳಲ್ಲಿ ಒಂದು ಖಾಲಿ. ಆದರೆ ಆಡಿ ಎಂದರೆ ಆಷಾಢ, ಆ ತಿಂಗಳಲ್ಲಿ ಯಾರು ಹೊಸ ಮನೆಗೆ ಹೋಗಿ ಹಾಲು ಕಾಯಿಸುತ್ತಾರೆ? ಆಡಿ ಹುಟ್ಟುವ ಮೊದಲೇ ಹಾಲು ಕಾಯಿಸಿದರೆ ಸರಿ, ಇಲ್ಲದಿದ್ದರೆ ಮನೆಯೂ ಇಲ್ಲ, ಕೆಲಸವೂ ಇಲ್ಲ, ಕಾದು ನಿಂತವರು ಬೇಕಾದಷ್ಟಿದ್ದಾರೆ ಎಂದ. ಕೈಮಗ್ಗದ ಸೀರೆಗೆ ಗಿರಾಕಿ ಕಡಿಮೆಯಾಗುತ್ತಿದ್ದ ಕಾಲ ಅದು. ನೂಲು ಕೊಡುವ ಸಾಹುಕಾರ ಮುಖ ತಿರುಗಿಸಿ ಮಾತಾಡುತ್ತಿದ್ದ. ಹೋಗಬೇಕೆಂಬ ಆಸೆ ತಪ್ಪಲ್ಲ ಅಕ್ಕ. ಅದನ್ನು ತಪ್ಪು ಎಂದು ನಾನು ಇವತ್ತೂ ಹೇಳುವುದಿಲ್ಲ. ಹೋದ ರೀತಿ —

ನಿಮಗೆ ಒಂದು ಕಾರ್ಡು ಬರೆಸಿ ಹಾಕಿದೆ. ಅದು ನಿಜ. ಉತ್ತರ ಬರಲಿಲ್ಲ. ಇನ್ನೊಂದು ಹಾಕಿದೆ, ಅದಕ್ಕೂ ಇಲ್ಲ. ಟೆಲಿಫೋನು ಎಂಬುದು ನಮ್ಮಂಥವರ ಬೀದಿಗೆ ಬಂದಿರಲಿಲ್ಲ. ದಿನಗಳು ಜಾರುತ್ತಿದ್ದವು. ಬೀದಿಯ ಹಿರಿಯ ಸೌಡಪ್ಪ ತಾತ, ನಮ್ಮೆಲ್ಲರ ಜಗಳ ಬಿಡಿಸುವವರು, ಕೇಳಿ ಹೇಳಿದರು: "ಕಾರ್ಡಿಗೆ ಕಾಲಿಲ್ಲ, ನಿಂಗೈತೆ. ಹೋಗಿ ನೋಡ್ಕಂಡ್ ಬಾ."

ಸರೋಜ ಹೇಳಿದ್ದು ಇನ್ನೂ ಸುಲಭವಾಗಿತ್ತು. "ಕುಳೀನ ಹಂಗೇ ಬಿಡಿ. ಮೇಲೆ ಹಲಗೆ ಮುಚ್ಚಿ, ಬೀಗ ಹಾಕ್ಕಂಡು, ಸಾವಿ ನಮ್ ಜತೇಲೇ ಮಡಿಕ್ಕಳ್ಳವ. ಅಕ್ಕ ಬಂದ್ಮ್ಯಾಕೆ ನೀವು ಬಂದು ಮುಚ್ಚಿ."

ಎಷ್ಟು ಸರಿಯಾದ ಮಾತು! ಯಾರಿಗೂ ನಷ್ಟವಿಲ್ಲ. ಆದರೆ ನಾನು ನೇಕಾರ. ತೆರೆದ ಕುಳಿ ಬಿಟ್ಟು ಹೋದವನ ಕಾಲು ಎಲ್ಲೂ ಊರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಾಗೆ ಬಿಟ್ಟು ಹೋದ ಯಾರೋ ಒಬ್ಬ ಐದು ಊರು ಅಲೆದು ಕೊನೆಗೆ ಭಿಕ್ಷೆ ಎತ್ತಿದ ಕಥೆಯನ್ನು ನಮ್ಮ ಬೀದಿಯ ಮಕ್ಕಳೆಲ್ಲ ಕೇಳಿಕೊಂಡೇ ಬೆಳೆದದ್ದು. ಹೊಸ ಊರು, ಗೊತ್ತಿಲ್ಲದ ಕೆಲಸ, ನಲವತ್ತರ ಹತ್ತಿರದ ವಯಸ್ಸು. ಬೆನ್ನ ಹಿಂದೆ ಬಾಯಿ ತೆರೆದ ಕುಳಿಯನ್ನು ಬಿಟ್ಟು ಹೋಗುವ ಧೈರ್ಯ ನನಗೆ ಬರಲಿಲ್ಲ. ನಿಮಗೆ ಕೊಟ್ಟ ಮಾತಿಗಿಂತ ಆ ಕುಳಿಗೇ ನಾನು ಹೆಚ್ಚು ಹೆದರಿದೆ.

ಮಾರಪ್ಪ ಊರಿನವನೇ ಅಲ್ಲವೇ, ಈ ಹೆದರಿಕೆ ಅವನಿಗೂ ಗೊತ್ತಿತ್ತು. ಒಂದು ಸಂಜೆ ಬಂದು ಜಗುಲಿಯ ಮೇಲೆ ಕೂತ, ನನಗೂ ಎಲೆ ಅಡಿಕೆ ಕೊಟ್ಟ.

"ಕುಳಿ ತೆರ್ದು ಬಿಟ್ಟು ಹೋಗ್ಬೇಡಪ್ಪ ಲಿಂಗಾ, ಆಗಲ್ಲ. ಹೋಗು, ಅತ್ತಿಗೇನ ನೋಡ್ಕಂಡ್ ಬಾ. ಸಿಕ್ಕುದ್ರೆ ಸರಿ. ಸಿಕ್ಕಿಲ್ಲ ಅಂದ್ರೆ — ಪರವಾಯಿಲ್ಲೆ, ನಾನಿದ್ದೀನಲ್ಲ. ಅದೇ ಮನೆಯೋನ್ ತಾನೆ. ಒಂದ್ ಹಿಡಿ ಮಣ್ಣು ತಾನೆ."

ಸಿಕ್ಕಿದರೆ ಸರಿ ಎಂದಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನು ನನಗೆ ಸುಳ್ಳು ಹೇಳು ಎನ್ನಲಿಲ್ಲ. ಬಾಗಿಲು ತೆರೆದಿಟ್ಟ, ಅಷ್ಟೇ. ನಡೆದುಹೋದವನು ನಾನು.

ಮರುದಿನ ಹೊರಟೆ. ಉಕ್ಕಡದಲ್ಲಿ ಬಸ್ಸು ಹಿಡಿದು ಪೊಳ್ಳಾಚಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನಿಮ್ಮೊಂದಿಗೆ ಮನಸ್ಸಿನಲ್ಲೇ ವಾದ ಮಾಡಿಕೊಂಡು ಹೋದೆ. ನಾನು ಹೀಗೆ ಹೇಳಿದರೆ ಅಕ್ಕ ಹಾಗೆ ಹೇಳುತ್ತಾರೆ, ಹಾಗೆ ಹೇಳಿದರೆ ನಾನು ಹೀಗೆ — ಒಂದು ಸಲವೂ ನಾನು ಗೆಲ್ಲಲಿಲ್ಲ. ಗೆಲ್ಲುವುದು ಹೇಗೆ? ನೀವು ಕೇಳಿದ್ದು ಒಂದೇ ಮಾತು, ಅದಕ್ಕೆ ಒಪ್ಪಿದವನು ನಾನು.

ಮನೆ ಹುಡುಕಲು ಕಾಲು ಗಂಟೆ ಕೂಡ ಆಗಲಿಲ್ಲ. ಯಾರನ್ನೂ ಕೇಳಲಿಲ್ಲ. ನೀವು ಹೇಳಿದ್ದ ಒಂದೊಂದು ಗುರುತೂ ಹೇಳಿದ ಜಾಗದಲ್ಲೇ ಇತ್ತು. ಮಾಸಾಣಿ ಅಮ್ಮನ ಗುಡಿ ದಾಟಿ, ತೋಪಿನ ಕಾಲುದಾರಿ ಹಿಡಿದು ನಡೆದೆ, ನಡೆದ ಹಾಗೇ ನೀವು ಕಂಡಿರಿ.

ನೇರಳೆ ಬಣ್ಣದ ಸೀರೆ, ಅರಿಶಿನ ಅಂಚು. ಸೀರೆಯನ್ನು ಮೊದಲು ಗುರುತಿಸಿದೆ, ಆಮೇಲೆ ನಿಮ್ಮನ್ನು. ನಾನೇ ನೇಯ್ದದ್ದು. ಹೊಕ್ಕುನೂಲು ಎರಡು ಕಡೆ ತಪ್ಪಿ ಸಾಹುಕಾರ ಬೇಡವೆಂದು ಎಸೆದಾಗ ದೀಪಾವಳಿಗೆ ನೀವು ಇಟ್ಟುಕೊಂಡಿದ್ದಿರಿ. ತಪ್ಪಿರುವುದು ಉಡುವವಳಿಗೆ ತಾನೇ ಗೊತ್ತು ಎಂದಿದ್ದಿರಿ. ಕೂಸಿನ ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಿರಿ. ಪುಟ್ಟ ಪುಟ್ಟ ಬಟ್ಟೆ, ಹಳೆ ಸೀರೆ ಹರಿದು ಮಾಡಿದ್ದು. ಕೂದಲಿಗೆ ಎಣ್ಣೆ ಬಿದ್ದು ಎಷ್ಟು ದಿನವಾಗಿತ್ತೋ. ನೀವು ಸೊರಗಿದ್ದಿರಿ ಅಕ್ಕ. ಒಳಗಿನಿಂದ ಜಯ ಏನೋ ಕೂಗಿದಳು, "ಬಂದೆ ಬಂದೆ" ಎಂದು ಕೈ ಒರೆಸಿಕೊಂಡಿರಿ. ಹೋಗುವ ಮೊದಲು ಒಂದು ಸಲ ತಲೆಯೆತ್ತಿ ದಾರಿಯ ಕಡೆ ನೋಡಿದಿರಿ.

ನಾನು ತೆಂಗಿನ ಮರದ ಹಿಂದೆ ಸರಿದೆ. ತೆಂಗಿನ ಮರ ಎಷ್ಟು ದಪ್ಪ? ಒಬ್ಬ ಮನುಷ್ಯನನ್ನು ಮುಚ್ಚುವಷ್ಟಿಲ್ಲ. ಹೊಟ್ಟೆ ಒಳಕ್ಕೆಳೆದು ಪಕ್ಕಕ್ಕೆ ತಿರುಗಿ ನಿಂತೆ. ಮದುವೆಯಾಗಿ ಹನ್ನೆರಡು ವರ್ಷವಾದ ಗಂಡಸು, ಕದ್ದು ಮಾವಿನಕಾಯಿ ಕೀಳುವ ಪೋರನ ಹಾಗೆ. ಈಗ ನೆನೆದರೆ ನಗು ಬರುತ್ತದೆ.

ಕರೆದಿದ್ದರೆ ಏನಾಗುತ್ತಿತ್ತು? ನಾನು ಬರೋಗಂಟ ಇರು ಎನ್ನುತ್ತಿದ್ದಿರಿ, ಆಡಿ ಹುಟ್ಟುವುದಕ್ಕೆ ನಾಲ್ಕೇ ದಿನ ಇತ್ತು. ಅಥವಾ — ಇದನ್ನು ನಾನು ಎಷ್ಟೋ ವರ್ಷ ಬಾಯಿಪಾಠದ ಹಾಗೆ ಹೇಳಿಕೊಂಡಿದ್ದೇನೆ — ಆ ಹಸಿಕೂಸನ್ನೂ ಬಾಣಂತಿಯನ್ನೂ ಬಿಟ್ಟು ನನ್ನ ಜೊತೆ ಹೊರಟುಬಿಡುತ್ತಿದ್ದಿರಿ. ನಿಮಗೆ ಆ ತೊಂದರೆ ಕೊಡಬಾರದೆಂದು ಕರೆಯಲಿಲ್ಲ. ಚೆನ್ನಾಗಿದೆಯಲ್ಲವೇ? ಕೇಳಿದವರು ನನ್ನನ್ನು ಒಳ್ಳೆಯವನೆಂದೇ ಹೇಳಿಯಾರು. ಆದರೆ ನಿಮ್ಮ ಕಷ್ಟ ನೋಡಿ ನನಗೆ ಆ ಹೊತ್ತಿನಲ್ಲಿ ಆದದ್ದು ಮರುಕವಲ್ಲ ಅಕ್ಕ. ಸಮಾಧಾನ. ಇಷ್ಟು ಕಷ್ಟದಲ್ಲಿರುವವರು ಬೇಗ ಊರಿಗೆ ಬರಲಾರರು ಎಂಬ ಸಮಾಧಾನ. ಇದನ್ನು ಬರೆದು ಮತ್ತೆ ಎದ್ದು ಹೊರಗೆ ಹೋಗಿ ಬಂದೆ. ಈ ಸಾಲನ್ನು ಹೊಡೆದುಹಾಕಬೇಕೆನಿಸಿತು. ಹಾಕುವುದಿಲ್ಲ, ಇರಲಿ.

ನೀವು ಒಳಗೆ ಹೋದಿರಿ. ನಾನು ಬಂದ ದಾರಿಯಲ್ಲೇ ತಿರುಗಿದೆ.

ಸಂಜೆ ಬೀದಿಗೆ ಬಂದಾಗ ಗುಡಿಕಟ್ಟೆಯ ಮೇಲೆ ಸೌಡಪ್ಪ ತಾತ, ಇನ್ನೂ ನಾಲ್ಕು ಜನ, ಸ್ವಲ್ಪ ದೂರದಲ್ಲಿ ಮಾರಪ್ಪ.

"ಏನಾಯ್ತಪ್ಪ?"

"ಮನೆ ಸಿಕ್ಕಿಲ್ಲ ತಾತ."

ಮೂರು ಮಾತು. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಸುಳ್ಳು ಒಂದು ಸಲ ಬಾಯಿಂದ ಹೊರಬಿದ್ದರೆ ಒಂಟಿಯಾಗಿರಲು ಒಪ್ಪುವುದಿಲ್ಲ. ಅಂಗಡಿಗಳಲ್ಲಿ ವಿಚಾರಿಸಿದೆ ಎಂದೆ, ತೋಪುಗಳೆಲ್ಲ ಒಂದೇ ಥರ ಕಾಣುತ್ತವೆ ಎಂದೆ, ಬಿಸಿಲಲ್ಲಿ ತಲೆ ಸುತ್ತಿತು ಎಂದೆ. "ಅಕ್ಕ ಹೇಳಿದ್ ಗುರುತು ಒಂದೂ ಸರಿ ಇರ್ಲಿಲ್ಲ" ಎಂದೂ ಹೇಳಿದೆ. ಯಾಕೆ ಹೇಳಿದೆ? ಯಾರೂ ಕೇಳಿರಲಿಲ್ಲ. ತಪ್ಪನ್ನು ಎಲ್ಲಾದರೂ ಇಳಿಸಬೇಕಾಗಿತ್ತು, ಅಲ್ಲಿ ಇಲ್ಲದವರ ಹೆಗಲು ಸಿಕ್ಕಿತು. "ಪಾವ, ಅಲ್ದಾಡ್ಬುಟ್ಟವ್ನೆ" ಎಂದು ತಾತ ನೀರು ತರಿಸಿಕೊಟ್ಟರು. ಕುಡಿದೆ.

ಮಾರನೆಯ ಬೆಳಿಗ್ಗೆ ಮಗ್ಗ ಬಿಚ್ಚಿ ಮುಗಿಸಿದೆ. ಮಾರಪ್ಪ ಮಿಂದು, ಬಿಳಿ ವೇಷ್ಟಿ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದ. ಒಂದು ಹಿಡಿ ಮಣ್ಣಿಗೆ ಅಷ್ಟು ಸಿಂಗಾರವೇ? ಬೀದಿಯವರು ಬಾಗಿಲಲ್ಲಿ ನಿಂತರು. ಸರೋಜ ಪೊರಕೆ ಹಿಡಿದು ಗೋಡೆಗೆ ಒರಗಿದ್ದಳು, ಅವಳು ನನ್ನ ಕಡೆ ನೋಡಲಿಲ್ಲ. ಅವನು ಕುಳಿಗೆ ಕೈಮುಗಿದು, ಅರಿಶಿನ ಕುಂಕುಮ ಹಾಕಿ, ಮಣ್ಣು ಹಾಕಿದ. ನಾನು ಗುದ್ದಲಿ ಎತ್ತಿಕೊಂಡೆ. ಕುಳಿ ಮಟ್ಟವಾದ ಮೇಲೆ ಎರಡು ಬೀಗದಕೈಗಳನ್ನೂ ದಾರದ ಸಮೇತ ಕೊಟ್ಟೆ. ಮುಂದಿನದು ಸರಿ, ಹಿತ್ತಲ ಕೋಣೆಯದು ಯಾಕೆ ಕೊಟ್ಟೆ? ಒಳಗೆ ನಿಮ್ಮ ಟ್ರಂಕು, ನಿಮ್ಮ ಪಾತ್ರೆ, ಗೋಡೆಯ ಮೇಲೆ ನಿಮ್ಮ ಗಂಡನ ಫೋಟೋ. ಅವನು ಕೇಳಲೂ ಇಲ್ಲ, ಕೈ ಚಾಚಿದ, ನಾನು ಕೊಟ್ಟೆ. ದಾರ ಬಿಚ್ಚುವಷ್ಟು ಹೊತ್ತು ಕೂಡ ಅಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಆಡಿ ಹುಟ್ಟುವ ಹಿಂದಿನ ದಿನ ತಿರುಪ್ಪೂರಿನಲ್ಲಿ ಹಾಲು ಉಕ್ಕಿಸಿದೆವು.

ನೀವು ಬಂದದ್ದು ಆಡಿ ಕಳೆದ ಮೇಲೆ, ಆವಣಿ ತಿಂಗಳಲ್ಲಿ. ಕೂಸು ಉಳಿಯುತ್ತದೆಂದು ಗಟ್ಟಿಯಾದ ಮೇಲೆ. ಹಿತ್ತಲ ಕೋಣೆಗೆ ಹೊಸ ಬೀಗ, ಮುಂದೆ ಯಾರೋ ಹೊಸಬರು, ನಿಮ್ಮ ಟ್ರಂಕು ಸೌಡಪ್ಪ ತಾತನ ಮನೆಯ ಜಗುಲಿಯಲ್ಲಿ. ನೀವು ಕೂಗಾಡಿದಿರಂತೆ. ಮಾರಪ್ಪ ಶಾಂತವಾಗಿ ಬೀದಿಯವರನ್ನೇ ಕೇಳಿದನಂತೆ: ಕುಳಿಗೆ ಮಣ್ಣು ಹಾಕಿದವರು ಯಾರು, ನೀವೇ ಹೇಳಿ. ಅವರು ಏನು ಹೇಳುತ್ತಾರೆ? ನೋಡಿದ್ದನ್ನು ಹೇಳಿದರು. ಅಲ್ಲಿಂದ ನೀವು ನೇರ ತಿರುಪ್ಪೂರಿಗೆ ಬಂದಿರಿ. ಮಧ್ಯಾಹ್ನದ ಊಟದ ಬೆಲ್ಲು ಹೊಡೆದು ಹೊರಗೆ ಬಂದರೆ ಗೇಟಿನ ಹತ್ತಿರ ಚೀಲ ಹಿಡಿದು ನಿಂತಿದ್ದಿರಿ. ನಾನು ಒಳಗೇ ತಿರುಗಿ ಓಡಬೇಕೆಂದುಕೊಂಡೆ. ನೀವು ನೋಡಿಬಿಟ್ಟಿರಿ.

ಬೈಯುತ್ತೀರಿ ಎಂದು ತಲೆ ತಗ್ಗಿಸಿ ನಿಂತೆ. ಬೈಯಿರಿ ಎಂದೇ ಬೇಡಿಕೊಳ್ಳುತ್ತಿದ್ದೆ. ನೀವು ಕೇಳಿದ್ದು ಒಂದೇ.

"ಆನೈಮಲೈಗೆ ಬಂದಿದ್ಯಾ ಲಿಂಗಾ?"

"ಬಂದಿದ್ದೆ ಅಕ್ಕ. ಮನೆ ಸಿಕ್ಕಿಲ್ಲ."

ನೀವು ಚೀಲವನ್ನು ನೆಲಕ್ಕಿಟ್ಟಿರಿ. ಆಮೇಲೆ ಹಣೆ ಬಡಿದುಕೊಂಡಿರಿ. "ಅಯ್ಯೋ, ನಂದೇ ತಪ್ಪು. ನಾನೇ ಗುರುತು ಸರಿಯಾಗಿ ಹೇಳಿಲ್ಲ. ಅವಸರದಲ್ಲಿ ಏನೇನೋ ಹೇಳಿದ್ನೇನೋ. ಅಷ್ಟ್ ದೂರ ಬಂದು ಬಿಸಿಲಲ್ಲಿ ಅಲ್ದಾಡ್ದಾ? ಊಟ ಆಯ್ತಾ?"

ಅಕ್ಕ, ಆ ಕ್ಷಣದಲ್ಲಿ ಹೇಳಬಹುದಾಗಿತ್ತು. ಆಗಿನ್ನೂ ಸರಿಪಡಿಸಬಹುದಿತ್ತು. ತುಡಿಯಲೂರಿಗೆ ನಿಮ್ಮ ಜೊತೆ ಬಂದು, ಗುಡಿಕಟ್ಟೆಯ ಮುಂದೆ ನಿಂತು, ನಾನು ಸುಳ್ಳು ಹೇಳಿದೆ, ಆ ಮಣ್ಣು ಹಾಕಿದವನು ಒಡೆಯನಲ್ಲ ಎಂದಿದ್ದರೆ ಸೌಡಪ್ಪ ತಾತ ನಿಮ್ಮ ಕಡೆ ನಿಲ್ಲುತ್ತಿದ್ದರು. ಬಾಯಿ ತೆರೆದೆ ಕೂಡ. ಬಂದ ಮಾತು — "ಆಯ್ತಕ್ಕ." ಊಟ ಆಗಿರಲಿಲ್ಲ. ಅದೂ ಸುಳ್ಳೇ.

ನೀವು ಬಸ್ಸಿಗೆ ನಡೆದು ಹೋದಿರಿ. ಮನೆ ಹೋಯಿತು. ಮಾರಪ್ಪ ಎರಡು ವರ್ಷಕ್ಕೆ ಅದನ್ನು ಕೆಡವಿ, ಜಾಗವನ್ನು ಲೇತು ಮೆಷಿನ್ನು ಹಾಕುವವರಿಗೆ ಮಾರಿದ. ನೀವು ಮಗಳ ಮನೆಯಲ್ಲೇ ಉಳಿದಿರಿ. ಸ್ವಂತ ಮನೆಯಲ್ಲಿ ಪಾತ್ರೆ ಕುಕ್ಕಿ ಮೈದುನನನ್ನು ಓಡಿಸುತ್ತಿದ್ದವರು, ಅಳಿಯನ ಮನೆಯಲ್ಲಿ ಸದ್ದಿಲ್ಲದೆ ಪಾತ್ರೆ ತೊಳೆಯುವುದನ್ನು ಕಲಿತಿರೇನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕುಳಿ ಮುಚ್ಚಿ ಬಂದವನ ಕಾಲಾದರೂ ಊರಿತೇ? ಇಲ್ಲ. ಎಂಟು ವರ್ಷದಲ್ಲಿ ನಾಲ್ಕು ಕಂಪನಿ, ಆರು ಮನೆ. ಯಾರೂ ಹೊರಗೆ ಹಾಕಲಿಲ್ಲ, ನಾನೇ ಬಿಟ್ಟೆ. ಬಾಗಿಲು ಬಡಿದ ಸದ್ದಾದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇನ್ನೊಂದು ಹೆದರಿಕೆಯೂ ಇತ್ತು. ಮಾಸಾಣಿ ಅಮ್ಮನ ಗುಡಿಯಲ್ಲಿ ಅನ್ಯಾಯವಾದವರು ಮೆಣಸಿನಕಾಯಿ ಅರೆದು ಅಮ್ಮನ ಕಲ್ಲಿಗೆ ಮೆತ್ತುತ್ತಾರಲ್ಲ. ಮೋಸ ಮಾಡಿದವನ ಮೈ ಉರಿಯುತ್ತದೆ ಎನ್ನುತ್ತಾರಲ್ಲ. ನೀವು ಇರುವುದೇ ಆ ಗುಡಿಯ ಹಿಂದೆ. ನನಗೆ ಜ್ವರ ಬಂದಾಗಲೆಲ್ಲ, ಕಣ್ಣು ಉರಿದಾಗಲೆಲ್ಲ, ಅಕ್ಕ ಅರೆದರು ಎಂದುಕೊಳ್ಳುತ್ತಿದ್ದೆ. ಹಾಗೆಂದುಕೊಂಡರೆ ಒಂದು ಥರ ಹಗುರ ಕೂಡ ಆಗುತ್ತಿತ್ತು. ಶಿಕ್ಷೆ ನಡೆಯುತ್ತಿದೆ, ನಾನಾಗಿ ಏನೂ ಮಾಡಬೇಕಾಗಿಲ್ಲ ಎಂದು.

ಹೋದ ತಿಂಗಳು ಜಯ ಸಿಕ್ಕಿದಳು. ದೀಪಾವಳಿಗೆ ಮಾರಲು ಬನಿಯನ್ ಕೊಳ್ಳಲೆಂದು ತಿರುಪ್ಪೂರಿಗೆ ಬಂದಿದ್ದಳು. ಅವಳ ಪಕ್ಕದಲ್ಲಿ ಎರಡು ಜಡೆಯ ಹುಡುಗಿ, ಮೂರನೇ ಕ್ಲಾಸಂತೆ. ಆ ಕೂಸು. ಆ ಪುಟ್ಟ ಬಟ್ಟೆಗಳ ಒಡತಿ.

"ಲಿಂಗಣ್ಣ ತಾನೆ?" ಎಂದು ಅವಳೇ ಗುರುತು ಹಿಡಿದಳು. ತಪ್ಪಿಸಿಕೊಳ್ಳಲಾಗಲಿಲ್ಲ. ಅಮ್ಮ ಹೇಗಿದ್ದಾರೆ ಎಂದೆ. ಚೆನ್ನಾಗಿದ್ದಾಳೆ ಎಂದಳು. ಕೇಳಬಾರದೆಂದುಕೊಂಡಿದ್ದನ್ನೂ ಕೇಳಿದೆ: ಮನೆ ಹೋದದ್ದಕ್ಕೆ ಅಮ್ಮ ಗುಡಿಯಲ್ಲಿ ಮೆಣಸಿನಕಾಯಿ ಅರೆದರೇ ಎಂದು.

"ಎಲ್ರೂ ಹೇಳುದ್ರಣ್ಣ, ಅರಿ ಅರಿ ಅಂತ. ಅಮ್ಮ ಒಪ್ಪಿಲ್ಲ. ದಾರಿ ಸರಿಯಾಗಿ ಹೇಳ್ದೆ ಇದ್ದೋಳು ನಾನು, ಯಾರ್ ಮ್ಯಾಲೆ ಅರೀಲಿ ಅಂದ್ಳು." ಜಯ ನಕ್ಕಳು. "ಈಗ್ಲೂ ಹಂಗೇ. ಮನೆಗ್ ಯಾರಾದ್ರೂ ಬತ್ತಾರೆ ಅಂದ್ರೆ ಸಾಕು, ಬೆಳಿಗ್ಗೇನೇ ಹೋಗಿ ರೋಡ್ನಲ್ಲಿ ನಿಂತ್ಕಂತಾಳೆ. ಬಿಸ್ಲು ಅಂದ್ರೂ ಕೇಳಲ್ಲ. ನಂಗ್ ದಾರಿ ಹೇಳಕ್ ಬರಲ್ಲ ಕಣೇ, ಒಬ್ಬ ಬಂದು ಸಿಕ್ದೆ ಹೋದ, ಇನ್ನೊಬ್ರು ಹಂಗಾಗ್ಬಾರ್ದು ಅಂತಾಳೆ."

ನಾನು ಏನು ಹೇಳಿದೆನೋ ನೆನಪಿಲ್ಲ. ಹುಡುಗಿಯ ಕೈಗೆ ಮಿಠಾಯಿ ಕೊಡಿಸಿದೆ ಎಂದು ಕಾಣುತ್ತದೆ.

ಮನೆ ಕಳೆದದ್ದು ಗೊತ್ತಿತ್ತು ಅಕ್ಕ. ಇದು ಗೊತ್ತಿರಲಿಲ್ಲ. ಎಂಟು ವರ್ಷದಿಂದ ನೀವು ನನ್ನ ಸುಳ್ಳಿಗೆ ಬಿಸಿಲಲ್ಲಿ ನಿಲ್ಲುತ್ತಿದ್ದೀರಿ ಎಂಬುದು.

ನೀವು ದಾರಿ ಸರಿಯಾಗಿಯೇ ಹೇಳಿದ್ದಿರಿ. ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಇದಕ್ಕೆ ಬದಲಾಗಿ ನಾನು ಕೊಡುವಂಥದ್ದು ಏನೂ ಇಲ್ಲ, ಆ ಜಾಗದಲ್ಲಿ ಈಗ ಲೇತು ತಿರುಗುತ್ತಿದೆ. ಕ್ಷಮಿಸಿ ಎಂದು ಕೇಳುವ ಮುಖವೂ ಇಲ್ಲ. ಸೌಡಪ್ಪ ತಾತ ಇನ್ನೂ ಇದ್ದಾರೆ. ಅವರ ಮುಂದೆ, ಬೀದಿಯವರ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಇವತ್ತು ರಾತ್ರಿಯೇ, ಸರೋಜಳಿಗೆ ಹೇಳುತ್ತೇನೆ. ಎಲ್ಲ ಕೇಳಿ ನೀವು ಮೆಣಸಿನಕಾಯಿ ಅರೆಯಬೇಕೆಂದರೆ ಅರೆಯಿರಿ. ಈಗ ಯಾರ ಮೇಲೆ ಎಂದು ನಿಮಗೆ ಗೊತ್ತಾಗಿರುತ್ತದೆ.

ಬರುವ ಶುಕ್ರವಾರ ಈ ಕಾಗದ ಹಿಡಿದುಕೊಂಡು ಬರುತ್ತೇನೆ. ಮೊದಲೇ ಹೇಳಿ ಕಳಿಸುವುದಿಲ್ಲ. ಹೇಗೋ ಸುದ್ದಿ ಮುಟ್ಟಿದರೂ ನೀವು ರಸ್ತೆಗೆ ಬರಬೇಡಿ ಅಕ್ಕ. ನನಗೆ ಮನೆ ಗೊತ್ತು.